ಹಗೇವಿನಲ್ಲಿ ಕಂದೀಲು ಆರಲಿಲ್ಲ

ಕುರುಗೋಡಿನ ಆ ಮನುಷ್ಯನ ಕಫವನ್ನು ನಾನು ಎಷ್ಟು ಸಲ ಗಾಜಿನ ಪಟ್ಟಿಯ ಮೇಲೆ ಸವರಿದೆನೋ ಲೆಕ್ಕವಿಲ್ಲ. ಕೆಂಪು ಬಣ್ಣ ಹಾಕಿ, ಕೆಳಗಿನಿಂದ ಕಾಯಿಸಿ, ಆಮ್ಲದಲ್ಲಿ ತೊಳೆದು, ಮೇಲೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕ್ಷಯದ ಕ್ರಿಮಿಗಳು ಸಣ್ಣ ಕೆಂಪು ಕಡ್ಡಿಗಳಾಗಿ ಕಾಣಬೇಕು. ಒಂದೂ ಕಾಣಲಿಲ್ಲ. ಆತ ಮಾತ್ರ ವರ್ಷದ ಮೇಲಾಯಿತು, ಬೇರೆ ಕಡೆ ಬರೆದುಕೊಟ್ಟಂತೆ ಕ್ಷಯದ ಸೂಜಿ ಚುಚ್ಚಿಸಿಕೊಳ್ಳುತ್ತ, ಮುಷ್ಟಿ ತುಂಬ ಗುಳಿಗೆ ನುಂಗುತ್ತ, ಮನೆಯ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಆತನಿಗೆ ಬೇರೆ ತಟ್ಟೆ, ಬೇರೆ ಚೆಂಬು. ಆಗಷ್ಟೇ ನಡೆಯಲು ಕಲಿತಿದ್ದ ಮಗಳನ್ನು ಆತನ ಹತ್ತಿರ ಬಿಡುತ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹಿರಿಯ ವೈದ್ಯರೊಬ್ಬರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯ ಪ್ರಯೋಗಾಲಯ ನನ್ನ ಕೈಯಲ್ಲಿತ್ತು. ಪ್ರಯೋಗಾಲಯ ಎಂದು ದೊಡ್ಡ ಹೆಸರು. ನಿಜಕ್ಕೆ ಅದು ಆ ಮನೆಯ ಹಳೆಯ ಅಡುಗೆಕೋಣೆ. ಒಲೆ ಇದ್ದ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ, ಉಪ್ಪಿನಕಾಯಿ ಭರಣಿ ಇಡುತ್ತಿದ್ದ ಗೂಡಿನಲ್ಲಿ ಬಣ್ಣದ ಶೀಸೆಗಳು. ಬೇಸಿಗೆಯಲ್ಲಿ ಕೋಟೆ ಗುಡ್ಡದ ಬಂಡೆಗಳು ಕಾದು, ಅದರ ಝಳವೆಲ್ಲ ನನ್ನ ಕಿಟಕಿಗೇ ಬಡಿಯುತ್ತಿತ್ತು. ನನ್ನ ಸಿಟ್ಟಿಗೆ ಅದೂ ಒಂದು ಕಾರಣ ಎಂದು ವೈದ್ಯರು ಚೇಷ್ಟೆ ಮಾಡುತ್ತಿದ್ದರು. ಅವರ ಮನೆಮಾತು ತೆಲುಗು. ನನ್ನನ್ನು ಅಮ್ಮಾಯಿ, ಅಂದರೆ ಹುಡುಗಿ, ಎಂದೇ ಕರೆಯುತ್ತಿದ್ದರು.

ಆತನ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶದ ತುಂಬ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಚುಕ್ಕೆಗಳಿದ್ದವು. ಕ್ಷಯದಲ್ಲೂ ಹೀಗೆ ಕಾಣುವುದುಂಟು, ಹಾಗಾಗಿ ಮೊದಲು ನೋಡಿದವರನ್ನು ನಾನು ದೂರುವುದಿಲ್ಲ. ನಮ್ಮ ವೈದ್ಯರಿಗೆ ಮಾತ್ರ ಅದು ಸರಿಬರಲಿಲ್ಲ. ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಜ್ವರ ಯಾವಾಗ ಬರುತ್ತದೆ, ಯಾವಾಗ ಬಿಡುತ್ತದೆ, ಆ ದಿನ ಏನು ಕೆಲಸ ಮಾಡಿದ್ದೆ ಎಂದು ಒಂದೊಂದಾಗಿ ಕೆದಕಿದರು. ಹೆಂಡತಿಯ ತವರು ಸಿರುಗುಪ್ಪದ ಕಡೆಯ ಕರೂರು. ನಾಟಿಯ ಕಾಲಕ್ಕೆ ಆತ ಅಲ್ಲಿಗೆ ಹೋಗಿ ನೀರಿನ ಗದ್ದೆಯಲ್ಲಿ ದುಡಿದಾಗ ಕೆಮ್ಮು ತಾನಾಗಿ ಕಡಿಮೆಯಾಗುತ್ತಿತ್ತು. ಕುರುಗೋಡಿಗೆ ಮರಳಿ ಹಗೇವು ತೆಗೆದ ದಿನ ಸಂಜೆಗೆ ಮತ್ತೆ ಚಳಿ, ಜ್ವರ, ಉಸಿರು ಸಿಗದ ಸಂಕಟ. ಮನೆಯವರು ಅದನ್ನು ನೀರು ಬದಲಾದದ್ದಕ್ಕೆ ಹಚ್ಚಿದ್ದರು.

ಹಗೇವು ಕಾಣದವರಿಗಾಗಿ ಹೇಳುತ್ತೇನೆ. ಅದು ನೆಲದೊಳಗೆ ಗಡಿಗೆಯ ಹೊಟ್ಟೆಯಂತೆ ಅಗೆದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಅಗಲ. ಗೋಡೆಗೆ ಜೋಳದ ಸೊಪ್ಪೆ ಒತ್ತಿ, ಜೋಳ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ಗೋಡೆಯ ಬದಿಯ ಜೋಳಕ್ಕೆ ತೇವ ತಗುಲಿ ಬೂಷ್ಟು ಹಿಡಿಯುತ್ತದೆ. ತೆಗೆಯುವಾಗ ಚಪ್ಪಡಿ ಸರಿಸಿ ಬಿಟ್ಟು, ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಡುತ್ತಾರೆ. ಕಂದೀಲು ಆರಿದರೆ ಒಳಗಿರುವುದು ಕೆಟ್ಟ ಗಾಳಿ, ಉರಿದರೆ ಇಳಿಯಬಹುದು. ಈ ಕ್ರಮ ತಪ್ಪಿಸಿ ಒಳಗೇ ಪ್ರಾಣ ಬಿಟ್ಟವರಿದ್ದಾರೆ. ಹಾಗಾಗಿ ಆ ಕಡೆ ಕಂದೀಲು ಹೇಳಿದ್ದೇ ಕೊನೆಯ ಮಾತು.

ನಮ್ಮ ರೋಗಿ ಸಣ್ಣ ಮೈಯವ, ಕೈ ಚುರುಕು. ತಮ್ಮ ಮನೆಯದಷ್ಟೇ ಅಲ್ಲ, ಓಣಿಯ ಯಾರ ಹಗೇವು ತೆಗೆಯಬೇಕಾದರೂ ಆತನಿಗೇ ಕರೆ. ಅದರಲ್ಲಿ ಆತನಿಗೆ ಹೆಮ್ಮೆಯಿತ್ತು. ಅದನ್ನು ಹೇಳುವಾಗ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ.

ಬೂಷ್ಟಿನ ಧೂಳನ್ನು ಮತ್ತೆ ಮತ್ತೆ ಎಳೆದುಕೊಂಡವರ ಶ್ವಾಸಕೋಶ ಹೀಗೆ ಕೆರಳುತ್ತದೆಂದು ವೈದ್ಯರು ಓದಿದ್ದರು. ಅಂಥವರ ರಕ್ತದಲ್ಲಿ ಆ ಬೂಷ್ಟಿನ ವಿರುದ್ಧ ಪ್ರತಿಕಾಯಗಳು ಹುಟ್ಟಿರುತ್ತವೆ. ಬೂಷ್ಟಿನ ಕೋಶದ ಗೋಡೆಯಲ್ಲಿರುವ ಸಕ್ಕರೆಯಂಥ ವಸ್ತುಗಳು, ಕೆಲವು ಪ್ರೋಟೀನುಗಳು ನಮ್ಮ ಮೈಯಲ್ಲಿಲ್ಲದವು. ರಕ್ತ ಅವನ್ನು ಹೊರಗಿನವರೆಂದು ಗುರುತಿಟ್ಟುಕೊಳ್ಳುತ್ತದೆ. ಗಾಜಿನ ಪಟ್ಟಿಯ ಮೇಲೆ ಅಗರ್ ಎಂಬ ಜೆಲ್ಲಿಯನ್ನು ತೆಳ್ಳಗೆ ಹರಡಿ, ಸಣ್ಣ ಕುಳಿಗಳನ್ನು ಕೊರೆದು, ಒಂದರಲ್ಲಿ ಬೂಷ್ಟಿನ ರಸ, ಎದುರಿನದರಲ್ಲಿ ರೋಗಿಯ ರಕ್ತದ ತಿಳಿಯಾದ ಸೀರಮ್ ಇಟ್ಟರೆ ಎರಡೂ ಜೆಲ್ಲಿಯೊಳಗೆ ಹರಿದು ಎದುರುಬದುರಾಗುತ್ತವೆ. ಪರಿಚಯವಿದ್ದರೆ ಅವು ಸೇರಿದಲ್ಲಿ ಒಂದು ಬಿಳಿ ಗೆರೆ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನು ನಾನು ಅದುವರೆಗೆ ಮಾಡಿರಲಿಲ್ಲ. ಆಗುತ್ತದೆಯೇ ಎಂದು ವೈದ್ಯರು ಕೇಳಿದಾಗ, ಆಗದೇ ಏನು ಎಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಕೈಗಿಂತ ಮುಂದು.

ಕುಳಿ ಕೊರೆಯಲು ಹಳೆಯ ಪೆನ್ನೊಂದರ ಹಿತ್ತಾಳೆ ಕೊಳವೆಯನ್ನು ಕತ್ತರಿಸಿ ಉಜ್ಜಿದೆ. ಪರಿಚಯದ ಒಬ್ಬರಿಂದ ಶ್ವಾಸಕೋಶಕ್ಕೆ ಕೆಟ್ಟದ್ದೆಂದು ಹೆಸರಾದ ಹಸಿರು ಬೂಷ್ಟಿನ ತಳಿ ತಂದು, ಪೋಷಕ ದ್ರವದಲ್ಲಿ ಬೆಳೆಸಿ, ರಸ ತೆಗೆದು ಇಟ್ಟೆ. ಮೊದಲ ಪಟ್ಟಿಗಳು ಸೆಕೆಗೆ ಒಣಗಿ ಹಪ್ಪಳವಾದವು. ಆಮೇಲೆ ಒದ್ದೆ ಅರಿವೆ ಹಾಸಿದ ಡಬ್ಬಿಯೊಳಗೆ ಇಟ್ಟು ಕಾದೆ. ಜೆಲ್ಲಿ ಚೆನ್ನಾಗಿಯೇ ಉಳಿಯಿತು, ಗೆರೆ ಮಾತ್ರ ಮೂಡಲಿಲ್ಲ. ವೈದ್ಯರು ಕ್ಷಯದ ಗುಳಿಗೆಗಳನ್ನೇ ಮುಂದುವರಿಸಲು ಹೇಳಿದರು. ಆ ದಿನ ಆತ ಹೊರಡುವಾಗ ಬಾಗಿಲಲ್ಲಿ ನಿಂತು ಮಗಳು ಈಗ ಅಪ್ಪಾ ಅನ್ನುತ್ತಾಳೆ, ದೂರದಿಂದಲೇ ಅನ್ನುತ್ತಾಳೆ ಎಂದ.

ಹೆಸರಾದ ಬೂಷ್ಟೇ ಆತನದ್ದೂ ಆಗಿರಬೇಕೆಂದು ಯಾರು ಹೇಳಿದರು? ಅವರ ಹಗೇವಿನ ಜೋಳವನ್ನೇ ತರಿಸಿದೆ. ಆತ ಇಳಿಯಬಾರದು, ಆತನ ಅಣ್ಣ ತೆಗೆದುಕೊಡಲಿ ಎಂದು ಹೇಳಿ ಕಳಿಸಿದ್ದೆ. ಅಣ್ಣನೇ ಗಂಟು ಕಟ್ಟಿ ತಂದುಕೊಟ್ಟ. ಬಿಚ್ಚಿದರೆ ಬೂದು, ಹಸಿರು, ಬಿಳಿ, ಎಲ್ಲ ಬಣ್ಣವೂ ಇತ್ತು. ಅದರಲ್ಲಿ ಯಾವುದು ಕೆಡುಕ ಎಂದು ಒಂದೊಂದನ್ನೇ ಬೇರ್ಪಡಿಸಿ ಬೆಳೆಸಲು ಹೊರಟೆ. ಎರಡು ವಾರದಲ್ಲಿ ಇಡೀ ಪ್ರಯೋಗಾಲಯ ಹಾಳಾಯಿತು. ಒಂದನ್ನು ಬಿತ್ತಿದರೆ ಇನ್ನೊಂದು ಬೆಳೆಯುತ್ತಿತ್ತು, ಬೇರೆ ರೋಗಿಗಳ ಪರೀಕ್ಷೆಗೆಂದು ಇಟ್ಟ ಗಾಜಿನ ತಟ್ಟೆಗಳಲ್ಲೂ ನಾಯಿಕೊಡೆ ಎದ್ದಂತೆ ಬೂಷ್ಟು ಎದ್ದಿತು. ನೆಲ ಒರೆಸುವ ಆಯಾ ಮೂಗಿಗೆ ಸೆರಗು ಹಿಡಿದು, “ಅಕ್ಕಾರ, ಅಡಿಗಿಮನಿ ಇದ್ದಾಗನ ಚಲೋ ಇತ್ತು ನೋಡ್ರಿ, ಆಗ ಭರಣಿಗೆ ಅಷ್ಟ ಬೂಷ್ಟು ಬರ್ತಿತ್ತು” ಎಂದಳು. ವೈದ್ಯರು ನಗಲಿಲ್ಲ. ಕುದಿಸದೆ ಇನ್ನೊಂದು ಚೂರು ಬೂಷ್ಟು ಈ ಕೋಣೆಯೊಳಗೆ ಬರಕೂಡದು ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಆ ಬೈಗುಳವೇ ದಾರಿ ತೋರಿಸಿತು. ಯಾವ ಬೂಷ್ಟು ಎಂದು ನಾನು ಯಾಕೆ ತಿಳಿಯಬೇಕು? ಆತ ಉಸಿರಾಡಿದ್ದು ಒಂದು ತಳಿಯನ್ನಲ್ಲ, ಇಡೀ ಧೂಳನ್ನು. ಬೆಳೆಸುವುದನ್ನೇ ಬಿಟ್ಟೆ. ಉಳಿದ ಜೋಳದ ಮೇಲಿನ ಧೂಳನ್ನು ಕೊಡವಿ ಉಪ್ಪುನೀರಿನಲ್ಲಿ ನೆನೆಹಾಕಿ, ಸೋಸಿ, ಕೈಯಿಂದ ತಿರುಗಿಸುವ ಯಂತ್ರದಲ್ಲಿ ಗಿರಗಿರ ಸುತ್ತಿಸಿ, ತಿಳಿಯನ್ನು ಅಪ್ಪಣೆಯ ಪ್ರಕಾರ ಚೆನ್ನಾಗಿ ಕುದಿಸಿದೆ. ಜೀವ ಉಳಿದಿದೆಯೇ ಎಂದು ಒಂದು ಹನಿಯನ್ನು ಬಿತ್ತಿ ನೋಡಿದೆ. ಏನೂ ಬೆಳೆಯಲಿಲ್ಲ. ಅಂಥ ಸತ್ತ ರಸವನ್ನು ನಡುವಿನ ಕುಳಿಯಲ್ಲಿಟ್ಟು, ಒಂದು ಬದಿಗೆ ಆತನ ಸೀರಮ್, ಇನ್ನೊಂದು ಬದಿಗೆ ಹೋಲಿಕೆಗೆ ನನ್ನದೇ ಸೀರಮ್ ಹಾಕಿದೆ.

ಮೂರನೆಯ ಬೆಳಿಗ್ಗೆ ಡಬ್ಬಿ ತೆರೆದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಆತನ ಬದಿಯಲ್ಲಿ ಬಿಳಿ ಗೆರೆಯಿತ್ತು. ಒಂದಲ್ಲ, ಒಂದರ ಪಕ್ಕ ಇನ್ನೊಂದು. ನನ್ನ ಬದಿ ಖಾಲಿ. ಪಟ್ಟಿ ಹಿಡಿದುಕೊಂಡು ವೈದ್ಯರ ಕೋಣೆಗೆ ಓಡಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಗೆರೆಯೊಂದೇ ರೋಗವನ್ನು ಸಾಬೀತು ಮಾಡುವುದಿಲ್ಲ, ಆತನ ರಕ್ತಕ್ಕೆ ಈ ಧೂಳು ಗೊತ್ತು ಎಂದಷ್ಟೇ ಹೇಳುತ್ತದೆ ಎಂದರು. ಆದರೆ ಕೆಂಪು ಕಡ್ಡಿ ಇಲ್ಲ, ಕರೂರಿನಲ್ಲಿ ಕೆಮ್ಮು ಕಡಿಮೆ, ಹಗೇವು ತೆಗೆದ ಸಂಜೆ ಜ್ವರ. ಇವೆಲ್ಲದರ ಜೊತೆ ಈ ಗೆರೆ. ಕ್ಷಯದ ಮದ್ದು ನಿಲ್ಲಿಸಿ ಸ್ಟೆರಾಯ್ಡ್ ಗುಳಿಗೆ ಶುರುಮಾಡಿದರು. ಅಷ್ಟು ಸಂತೋಷ ನನಗೆ ಆ ಕಟ್ಟೆಯ ಮುಂದೆ ಮತ್ತೆಂದೂ ಆಗಿಲ್ಲ.

ಗಂಡ, ಹೆಂಡತಿ, ಅಣ್ಣ ಮೂವರನ್ನೂ ಕೂರಿಸಿ ವೈದ್ಯರು ತಿಳಿಸಿ ಹೇಳಿದರು. ಇದು ಕ್ಷಯವಲ್ಲ, ಯಾರಿಗೂ ಅಂಟುವುದಿಲ್ಲ. ಬೂಷ್ಟು ತಾನಾಗಿ ಶ್ವಾಸಕೋಶವನ್ನು ತಿನ್ನುತ್ತಿಲ್ಲ, ಅದನ್ನು ಕಂಡು ಮೈಯೇ ರೇಗಿ ತನ್ನನ್ನು ತಾನು ಸುಟ್ಟುಕೊಳ್ಳುತ್ತಿದೆ. ಮೂವರ ಮುಖದಲ್ಲೂ ಏನೂ ಅರ್ಥವಾದಂತೆ ಕಾಣಲಿಲ್ಲ. ಆಗ ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, “ಇಲಿ ಬಂತು ಅಂತ ಮನಿಗೇ ಬೆಂಕಿ ಹಚ್ಚಿದ್ರಂತ, ಕೇಳೀಯೇನಪಾ? ಬೂಷ್ಟು ಅಂದ್ರ ಇಲಿ. ನಿನ್ನ ಮೈ ಮನಿಗೆ ಬೆಂಕಿ ಹಚ್ಚಾಕತ್ತೈತಿ” ಎಂದರು. ಮೂವರೂ ಒಮ್ಮೆಲೇ ತಲೆಯಾಡಿಸಿದರು. ಎಂಥ ಚೆಂದದ ಮಾತು ಹುಡುಕಿದರಲ್ಲ ಎಂದು ನಾನೂ ತಲೆದೂಗಿದೆ. ಇನ್ನು ಹಗೇವಿಗೆ ಇಳಿಯಬೇಡ, ಒಂದಷ್ಟು ಕಾಲ ಕರೂರಿನಲ್ಲಿದ್ದು ಗದ್ದೆ ಕೆಲಸ ಮಾಡು ಎಂದು ಹೇಳಿ ಕಳಿಸಿದರು.

ಗುಳಿಗೆ ಹಿಡಿಯಿತು. ಕರೂರಿನಿಂದ ತಿಂಗಳಿಗೊಮ್ಮೆ ಸಿರುಗುಪ್ಪಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಆಸ್ಪತ್ರೆಗೆ ಬರುತ್ತಿದ್ದ. ಒಂದು ಸಲ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಮೆಟ್ಟಿಲು ಹತ್ತಿ ಬಂದ. ಆಯಾ ಆ ಕೂಸಿಗೆ ಬೆಲ್ಲ ಕೊಟ್ಟಳು. ಕೊಟ್ಟಿಗೆಯ ತಟ್ಟೆ ಚೆಂಬುಗಳನ್ನು ಅಣ್ಣನೇ ಬೂದಿ ಹಚ್ಚಿ ತಿಕ್ಕಿಸಿ ಒಳಗೆ ಸೇರಿಸಿದನಂತೆ. ಗುಳಿಗೆಯನ್ನು ಇಳಿಸುತ್ತ ಇಳಿಸುತ್ತ ನಿಲ್ಲಿಸಿದೆವು. ಎಕ್ಸ್‌ರೇಯ ಸಾಸಿವೆ ಬಹುಪಾಲು ಮಾಯವಾಗಿತ್ತು.

ಆದರೆ ಅತ್ತೆಮನೆಯಲ್ಲಿ ಅಳಿಯ ಎಷ್ಟು ದಿನ ಇರುತ್ತಾನೆ? ಯಾರೂ ಆಡಿಕೊಳ್ಳದಿದ್ದರೂ ಆತನಿಗೇ ಚುಚ್ಚುತ್ತಿತ್ತು. ಮೈ ಚೆನ್ನಾದ ಮೇಲೂ ಅಲ್ಲಿ ಕೂತರೆ ಊರಲ್ಲಿ ಇನ್ನೂ ಕ್ಷಯವೇ ಎಂದುಕೊಳ್ಳುತ್ತಾರೆ ಎಂದು ನನ್ನೆದುರು ಒಮ್ಮೆ ಅಂದಿದ್ದ. ಹಗೇವಿನ ಮಾತು ಬಿಟ್ಟು ಬೇರೆ ಕೆಲಸ ನೋಡಪ್ಪಾ ಎಂದೆ. ಹೂಂ ಎಂದ. ಆ ಹೂಂ ಎಂಬುದನ್ನು ನಾನು ಒಪ್ಪಿಗೆಯೆಂದೇ ತಿಳಿದೆ.

ಮುಂದಿನ ಬೇಸಿಗೆಯಲ್ಲಿ ಅಣ್ಣ ಆತನನ್ನು ಬಾಡಿಗೆ ಜೀಪಿನಲ್ಲಿ ಮಲಗಿಸಿಕೊಂಡು ಬಂದ. ತುಟಿ ನೀಲಿಗಟ್ಟಿತ್ತು, ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು. ಆಮ್ಲಜನಕ ಹಚ್ಚಿ, ಸ್ಟೆರಾಯ್ಡ್ ಸೂಜಿ ಕೊಟ್ಟ ಮೇಲೆ ಮರುದಿನ ಮಾತಾಡುವಂತಾದ. ಇಳಿಯಬೇಡ ಅಂದಿರಲಿಲ್ಲವೇ ಎಂದು ವೈದ್ಯರು ಗದರಿದಾಗ ಆತ ನನ್ನ ಕಡೆ ನೋಡಿದ. ಆ ನೋಟದಲ್ಲಿ ತಪ್ಪು ಮಾಡಿದವನ ಅಳುಕಿರಲಿಲ್ಲ, ಮೋಸಹೋದವನ ಗೊಂದಲವಿತ್ತು.

“ಸುಮ್ಮನ ಇಳದಿಲ್ರಿ ಅಕ್ಕಾರ,” ಎಂದ, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತ. “ಬೂಷ್ಟು ಎಲ್ಲಾ ಸಾಯಿಸೇ ಇಳದೆ. ಕೆಂಡದ ಮ್ಯಾಲ ಬೇವಿನ ಸೊಪ್ಪು ಹಾಕಿ ಹೊಗಿ ಕೊಟ್ಟೆ, ಚಪ್ಪಡಿ ಮುಚ್ಚಿಟ್ಟೆ. ಆಮ್ಯಾಲ ಎರಡು ದಿನ ಬಾಯಿ ತೆರದು ಬಿಟ್ಟೆ. ಕಂದೀಲು ಚೆಂದ ಉರೀತಿತ್ರಿ.” ಸ್ವಲ್ಪ ತಡೆದು, “ಇಲಿ ಸತ್ತಿತ್ತಲ್ರಿ,” ಎಂದ.

ವೈದ್ಯರು ಹೊರಗೆ ಹೋಗಿ ವರಾಂಡದಲ್ಲಿ ನಿಂತರು. ನಾನು ನನ್ನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತೆ. ಪಟ್ಟಿಯಲ್ಲಿ ಗೆರೆ ಮೂಡಿಸಿದ್ದು ಕುದಿಸಿದ ರಸ. ಅದರಲ್ಲಿ ಜೀವದ ಸುಳಿವೂ ಇರಲಿಲ್ಲ. ಬೂಷ್ಟು ಸತ್ತರೂ ಅದರ ಗೋಡೆಯ ಚೂರುಗಳು ಹಾಗೆಯೇ ಉಳಿಯುತ್ತವೆ, ಮೈ ರೇಗುವುದು ಆ ಚೂರುಗಳನ್ನು ಕಂಡೇ. ಅದನ್ನು ಕಣ್ಣಾರೆ ಕಂಡಿದ್ದೆವು, ಪರಸ್ಪರ ಹೇಳಿಕೊಂಡು ಹಿಗ್ಗಿದ್ದೆವು. ಆತನ ಕೈಗೆ ಮಾತ್ರ ಇಲಿಯನ್ನು ಕೊಟ್ಟು ಕಳಿಸಿದ್ದೆವು. ಇಲಿಯನ್ನು ಕೊಂದರೆ ಮನೆ ಉಳಿಯುತ್ತದೆ ಎಂದು ಯಾವ ಸಂಸಾರವಂತನಾದರೂ ತಿಳಿಯುತ್ತಾನೆ. ಆತ ದಡ್ಡತನ ಮಾಡಲಿಲ್ಲ. ನಾವು ಹೇಳಿದ್ದನ್ನು ನಂಬಿ, ತನ್ನ ಹಿರಿಯರು ಕಲಿಸಿದ್ದನ್ನೂ ಬಿಡದೆ, ಎರಡನ್ನೂ ಸೇರಿಸಿ ಆದಷ್ಟು ಎಚ್ಚರದಿಂದ ಇಳಿದಿದ್ದ. ಹೊಗೆಗೆ ಒಣಗಿ ಪುಡಿಯಾದ ಬೂಷ್ಟು ಆತ ಜೋಳ ಕೆದಕಿದಾಗ ಮೊದಲಿಗಿಂತ ಹೆಚ್ಚೇ ಎದ್ದಿರಬೇಕು. ಆ ಗಾಳಿಯಲ್ಲಿ ಕಂದೀಲು ಚೆನ್ನಾಗಿಯೇ ಉರಿಯುತ್ತದೆ. ಅದು ಹೇಳಿದ್ದು ಸುಳ್ಳಲ್ಲ, ಧೂಳಿನ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿರಲಿಲ್ಲ.

ಈ ಸಲ ಗುಳಿಗೆ ಹಿಡಿಯಲಿಲ್ಲ. ಮತ್ತೆ ಮತ್ತೆ ಸುಟ್ಟ ಶ್ವಾಸಕೋಶ ಗಟ್ಟಿಯಾಗತೊಡಗಿತ್ತು. ಬೇರೆ ದೊಡ್ಡ ಊರಿನ ತಜ್ಞರಿಗೂ ತೋರಿಸಿದರು. ಅವರು ಹೇಳಿದ್ದೂ ಅದನ್ನೇ. ಒಂದಷ್ಟು ದಿನ ನಮ್ಮಲ್ಲಿಟ್ಟುಕೊಂಡು, ಮನೆಗೆ ಹೋಗುತ್ತೇನೆ ಎಂದು ಆತ ಹಟ ಹಿಡಿದ ಮೇಲೆ ಕಳಿಸಿದೆವು.

ಚಳಿಗಾಲದಲ್ಲಿ ನಾನೇ ಒಂದು ಭಾನುವಾರ ಕುರುಗೋಡಿಗೆ ಹೋದೆ. ವೈದ್ಯರು ಕಳಿಸಿದ ಔಷಧಿ ಕೊಡುವ ನೆಪವಿತ್ತು. ಆತ ಪಡಸಾಲೆಯ ಕಂಬಕ್ಕೆ ಒರಗಿ, ಮೊಣಕಾಲ ಮೇಲೆ ಮೊಣಕೈ ಊರಿ ಕೂತಿದ್ದ. ಉಸಿರು ಸಿಗದವರು ಹಾಗೆಯೇ ಕೂರುತ್ತಾರೆ. ಪಕ್ಕದಲ್ಲಿ ಒಂದು ತಟ್ಟೆ, ಒಂದು ಚೆಂಬು. ಕೆಮ್ಮು ಮರಳಿದ ಕೂಡಲೇ ಅವೂ ಮರಳಿದ್ದವು. ಮಗಳು ಒಳಬಾಗಿಲಲ್ಲಿ ಅಮ್ಮನ ಸೀರೆ ಹಿಡಿದು ನಿಂತಿದ್ದಳು. ಅಣ್ಣ ನನ್ನನ್ನು ಮರ್ಯಾದೆಯಿಂದ ಕೂರಿಸಿದ, ಆದರೆ ತಾನು ತಮ್ಮನಿಂದ ದೂರವೇ ಕೂತ. ಕೆಟ್ಟವನಲ್ಲ, ಮನೆಯಲ್ಲಿ ತನ್ನ ಮಕ್ಕಳೂ ಇದ್ದವು.

“ಅಂಟೂ ರೋಗಲ್ಲ ಅಂತ ಇನ್ನೊಮ್ಮಿ ಹೇಳ್ರಿ ಅಕ್ಕಾರ,” ಎಂದ ರೋಗಿ. “ಅಣ್ಣ ಕೇಳ್ಲಿ.”

ಹೇಳಲು ನನ್ನ ಹತ್ತಿರ ಎಲ್ಲವೂ ಇತ್ತು. ಕೋಶದ ಗೋಡೆ, ಸಕ್ಕರೆ, ಪ್ರತಿಕಾಯ, ಬಿಳಿ ಗೆರೆ. ಗಾದೆಗಳಿಗೂ ಬರವಿರಲಿಲ್ಲ. ಬಾಯಿ ತೆರೆಯಲು ಭಯವಾಯಿತು. ಬಗ್ಗಿ ಆತನ ಚೆಂಬು ತೆಗೆದುಕೊಂಡು, ಎತ್ತಿ ಹೊಯ್ದುಕೊಳ್ಳದೆ, ಬಾಯಿ ಹಚ್ಚಿ ನೀರು ಕುಡಿದೆ. ಖಾಲಿಯಾಗುವವರೆಗೂ ಕುಡಿದೆ. ಅಣ್ಣ ನೋಡುತ್ತಲೇ ಇದ್ದ. ಆಮೇಲೆ ಎದ್ದು ಬಂದು ಆ ತಟ್ಟೆಯನ್ನು ತೆಗೆದು ಒಳಗೆ ಕೊಟ್ಟ. ಹೆಂಡತಿ ಮಗಳನ್ನು ಎತ್ತಿ ತಂದು ಆತನ ತೊಡೆಯ ಮೇಲೆ ಕೂರಿಸಿದಳು. ಅಷ್ಟು ಭಾರಕ್ಕೂ ಆತನಿಗೆ ಉಸಿರು ಎಳೆಯಿತು, ಆದರೂ ಇಳಿಸಗೊಡಲಿಲ್ಲ.

ಬಸ್ಸಿನಲ್ಲಿ ಕೂತು ಬರುವಾಗ ನನಗೆ ಅಳು ಬಂತು. ಅಂಟುವುದಿಲ್ಲ ಎಂಬುದಕ್ಕೆ ಒಂದು ಚೆಂಬು ನೀರು ಸಾಕಾಗಿತ್ತು. ಸತ್ತದ್ದೂ ಕೊಲ್ಲುತ್ತದೆ ಎಂಬುದಕ್ಕೂ ಅಂಥದ್ದೊಂದು ಇರಬೇಕಿತ್ತು. ಕುದಿಸಿದ ರಸವನ್ನು, ಆ ಗೆರೆಯನ್ನು ಆತನಿಗೇ ಬೆಳಕಿಗೆ ಹಿಡಿದು ತೋರಿಸಬಹುದಿತ್ತೇನೋ. ಕಂದೀಲು ಕಟ್ಟಿ ಇಳಿಬಿಡುವ ಮನುಷ್ಯನಿಗೆ ಕಣ್ಣಿಗೆ ಕಂಡದ್ದು ತಿಳಿಯದೇ ಇರುತ್ತಿರಲಿಲ್ಲ. ಈಗ ಬೂಷ್ಟಿನ ಗೋಡೆಯ ಯಾವ ಚೂರು ಮೈಯನ್ನು ಹೇಗೆ ಎಬ್ಬಿಸುತ್ತದೆ ಎಂದು ಎಷ್ಟೋ ತಿಳಿದಿದ್ದಾರೆ, ನಾನೂ ಸಿಕ್ಕಾಗ ಓದುತ್ತೇನೆ. ಓದಿದಾಗಲೆಲ್ಲ ಆ ಪಡಸಾಲೆಯೇ ಕಣ್ಣ ಮುಂದೆ ಬರುತ್ತದೆ.

ಆತ ಮುಂದಿನ ಬೇಸಿಗೆ ಕಾಣಲಿಲ್ಲ. ಕೆಲವು ವಾರಗಳಾದ ಮೇಲೆ ಹೆಂಡತಿ ಮಗಳನ್ನು ಕರೆದುಕೊಂಡು ಕರೂರಿಗೆ ಹೋಗುವ ಮುಂಚೆ ಆಸ್ಪತ್ರೆಗೆ ಬಂದು, ಉಳಿದಿದ್ದ ಗುಳಿಗೆಗಳನ್ನು ಯಾರಿಗಾದರೂ ಕೊಡಿ ಎಂದು ನನ್ನ ಕಟ್ಟೆಯ ಮೇಲಿಟ್ಟಳು. ಕೊನೆಯವರೆಗೂ ಕೂಸು ಅಪ್ಪನ ಮಗ್ಗುಲಲ್ಲೇ ಮಲಗುತ್ತಿತ್ತು ಎಂದಳು. ಬಾವ, ಓಣಿಯವರು ಎಲ್ಲ ಸೇರಿ ಹಗೇವಿಗೆ ಮಣ್ಣು ತುಂಬಿಸಿದರಂತೆ. ಹೊರಟವಳು ಬಾಗಿಲಲ್ಲಿ ನಿಂತಳು.

“ಅವತ್ತು ಕಂದೀಲು ಆರಿದ್ರ ಅವರು ಇಳೀತಿರ್ಲಿಲ್ಲ,” ಎಂದಳು. “ಅಲ್ರಿ ಅಕ್ಕಾರ?”

ಹೌದು ಎಂದೆ.